ಹತ್ತಿರ ಹೋಗಬಹುದಿತ್ತಾ

ಮಣಿಪಾಲದ ನಮ್ಮ ತರಗತಿಯಲ್ಲಿ ಚೈತಾಲಿ ಎಲ್ಲರಿಗಿಂತ ದೊಡ್ಡವಳು. ಪರಿಸರ ಮತ್ತು ಆರೋಗ್ಯ ಎಂಬ ಎರಡು ವರ್ಷದ ಸ್ನಾತಕೋತ್ತರ ಕೋರ್ಸಿಗೆ ನಾವು ಹದಿನಾಲ್ಕು ಮಂದಿ ಸೇರಿದಾಗ ಉಳಿದವರೆಲ್ಲ ಇಪ್ಪತ್ತೆರಡು ಇಪ್ಪತ್ತಮೂರರವರು, ಅವಳಿಗೆ ಇಪ್ಪತ್ತೆಂಟು. ಮೊದಲ ದಿನ ಒಬ್ಬೊಬ್ಬರೂ ಎದ್ದು ನಿಂತು ಈ ಕೋರ್ಸಿಗೆ ಯಾಕೆ ಬಂದಿರಿ ಎಂದು ಹೇಳಬೇಕಿತ್ತು. ನಾನು ಉಡುಪಿಯವಳು, ದಂತವೈದ್ಯಕೀಯ ಮುಗಿಸಿದ ಮೇಲೆ ಇನ್ನೊಬ್ಬರ ಬಾಯಿಯೊಳಗೆ ಜೀವಮಾನ ಕಳೆಯಲು ಮನಸ್ಸಿಲ್ಲದೆ ಬಂದವಳು. ಅದನ್ನು ಹಾಗೆ ಹೇಳದೆ ಹವಾಮಾನ, ಸಮಾಜ, ಹೊಣೆಗಾರಿಕೆ ಎಂದೆಲ್ಲ ದೊಡ್ಡ ಮಾತಾಡಿದೆ. ಶಿರ್ವದ ಬ್ರೆಂಡಾ, “ಬೇರೆಲ್ಲಿಯೂ ಸೀಟು ಸಿಗ್ಲಿಲ್ಲ ಸರ್” ಎಂದು ಎಲ್ಲರನ್ನೂ ನಗಿಸಿದಳು. ಚೈತಾಲಿ ಎದ್ದು, “ಕಲಿಯಬೇಕು ಅಂತ ಆಸೆ ಉಂಟು” ಎಂದಷ್ಟೇ ಹೇಳಿ ಕುಳಿತಳು.

ಅವಳು ದಿನಾ ಉಚ್ಚಿಲದಿಂದ ಬರುತ್ತಿದ್ದಳು. ಹೆದ್ದಾರಿಯ ಬಸ್ಸಿನಲ್ಲಿ ಉಡುಪಿ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಮಣಿಪಾಲ. ಕಾಪುವಿನ ಒಂದು ಚಿಕ್ಕ ಪ್ರಯೋಗಾಲಯದಲ್ಲಿ ಏಳು ವರ್ಷ ರಕ್ತ, ಕಫ, ಮೂತ್ರ ಪರೀಕ್ಷೆ ಮಾಡಿದವಳು. ಕೋರ್ಸಿಗೆ ಸೇರಿದ ಮೇಲೂ ಭಾನುವಾರ ಬೆಳಿಗ್ಗೆ ಅಲ್ಲಿಗೆ ಹೋಗಿ ಕೆಲಸ ಮಾಡುತ್ತಿದ್ದಳು. ಮನೆಯಲ್ಲಿ ತಾಯಿ ವಿನೋದಾ, ಸೋದರಮಾವ ಸುಕೇಶ್ ಮತ್ತು ಅವರ ಸಂಸಾರ. ತಾಯಿ ಬೀಡಿ ಕಟ್ಟಿ ಮಗಳನ್ನು ಓದಿಸಿದವರು. ಇಷ್ಟು ತಿಳಿಯಲು ನಮಗೆ ಎರಡು ತಿಂಗಳು ಬೇಕಾಯಿತು. ಅವಳಾಗಿ ಏನನ್ನೂ ಹೇಳುತ್ತಿರಲಿಲ್ಲ.

ಪರಿಸರ ಎಂದರೆ ಕರಗುವ ಹಿಮ, ಉರಿಯುವ ಕಾಡು ಎಂದುಕೊಂಡು ಬಂದ ನಮಗೆ ಮೊದಲ ಸೆಮಿಸ್ಟರಿನಲ್ಲಿ ಸಿಕ್ಕಿದ್ದು ಬಾವಿನೀರು ಮತ್ತು ರಸ್ತೆಯ ಧೂಳು. ಕಡಲ ಬದಿಯ ಹೆಜಮಾಡಿಯಲ್ಲಿ ಮನೆಮನೆಗೆ ಹೋಗಿ ಬಾವಿಗೆ ಉಪ್ಪು ಹತ್ತಿದ್ದು ಯಾವಾಗ ಎಂದು ಕೇಳಬೇಕಿತ್ತು. ನಾನು ಮುದ್ರಿಸಿದ ಪ್ರಶ್ನೆಪತ್ರಿಕೆ ಹಿಡಿದು, “ನಿಮ್ಮ ಕುಡಿಯುವ ನೀರಿನ ಲವಣಾಂಶದಲ್ಲಿ ಬದಲಾವಣೆ ಕಂಡುಬಂದಿದೆಯೇ?” ಎಂದು ಓದಿದರೆ ಹೆಂಗಸರು ನನ್ನ ಮುಖ ನೋಡುತ್ತಿದ್ದರು. ಚೈತಾಲಿ ನನ್ನನ್ನು ಮೆಲ್ಲಗೆ ಹಿಂದಕ್ಕೆ ಸರಿಸಿ, ತುಳುವಿನಲ್ಲಿ, “ಅಕ್ಕಾ, ಗಂಜಿಗೆ ಉಪ್ಪು ಹಾಕುದು ಕಡಿಮೆ ಮಾಡಿದ್ದು ಯಾವ ವರ್ಷದಿಂದ?” ಎಂದು ಕೇಳಿದಳು. ಆ ಹೆಂಗಸು ಥಟ್ಟನೆ ವರ್ಷ ಹೇಳಿದರು, ಆ ವರ್ಷ ತಮ್ಮನ ಮದುವೆಯಾದದ್ದು ಎಂದೂ ಸೇರಿಸಿದರು. ಅಂದಿನಿಂದ ನಾನು ಅವಳ ಹಿಂದೆಯೇ ತಿರುಗಿದೆ.

ಒಂದು ವಿಷಯ ಮಾತ್ರ ನಮಗೆ ಇರಿಸುಮುರಿಸಾಗುತ್ತಿತ್ತು. ಉಚ್ಚಿಲದ ಹೆದ್ದಾರಿ ಬದಿಯಲ್ಲಿ ಧೂಳು ಅಳೆಯುವ ಯಂತ್ರ ಇಟ್ಟು ಬಿಸಿಲಲ್ಲಿ ಕಾಯುವಾಗ ನಾವೆಲ್ಲ ಒಂದೇ ಬಾಟಲಿಯಿಂದ ನೀರು ಕುಡಿಯುತ್ತಿದ್ದೆವು. ಚೈತಾಲಿ ಮಾತ್ರ ತನ್ನ ಬಾಟಲಿಯನ್ನು ಯಾರಿಗೂ ಕೊಡುತ್ತಿರಲಿಲ್ಲ, ಇನ್ನೊಬ್ಬರದನ್ನು ಮುಟ್ಟುತ್ತಲೂ ಇರಲಿಲ್ಲ. ಊಟದ ಡಬ್ಬಿಯೂ ಹಾಗೆಯೇ. ಬ್ರೆಂಡಾ ಒಮ್ಮೆ ನೇರವಾಗಿ ಕೇಳಿಯೇ ಬಿಟ್ಟಳು: “ಎಂತ ಮಾರಾಯ್ತಿ, ನಾವು ಮುಟ್ಟಿದ್ರೆ ಆಗುದಿಲ್ವಾ ನಿಂಗೆ?” ಚೈತಾಲಿಯ ಮುಖ ಸಣ್ಣದಾಯಿತು. “ನಿಮ್ಮದಲ್ಲ. ನನ್ನದೇ ಒಂದು ಅಭ್ಯಾಸ” ಎಂದಳು. ನಾವು ಅದನ್ನು ಮಡಿಯೆಂದೋ ಬಿಂಕವೆಂದೋ ತಿಳಿದು ಸುಮ್ಮನಾದೆವು.

ಎರಡನೆಯ ಸೆಮಿಸ್ಟರಿನಲ್ಲಿ ಕೆಲಸದ ಜಾಗದ ಕಾಯಿಲೆಗಳ ಪಾಠ. ಅದನ್ನು ಮಾಡುತ್ತಿದ್ದವರು ಡಾಕ್ಟರ್ ಕೃಷ್ಣರಾಜ, ಶ್ವಾಸಕೋಶದ ವೈದ್ಯರು. ಸಣ್ಣ ದನಿಯಲ್ಲಿ ಮಾತಾಡುವ ಮನುಷ್ಯ. ಜನವರಿಯ ಒಂದು ಬೆಳಿಗ್ಗೆ ಪರದೆಯ ಮೇಲೆ ಒಂದು ಎದೆಯ ಎಕ್ಸ್‌ರೇ ತೋರಿಸಿ, “ಇದು ಕಲ್ಲು ಕೊರೆಯುವವರ ಎದೆ” ಎಂದರು. ಶ್ವಾಸಕೋಶದ ಮೇಲಿನ ಭಾಗದಲ್ಲಿ ರಾಗಿ ಚೆಲ್ಲಿದ ಹಾಗೆ ಬಿಳಿ ಚುಕ್ಕೆಗಳಿದ್ದವು. ಗಟ್ಟಿ ಕಲ್ಲನ್ನು ಕೊರೆದಾಗ ಏಳುವ ಅತಿ ಸಣ್ಣ ಧೂಳು ಒಳಗೆ ಹೋಗಿ ಕೂರುತ್ತದೆ, ಅದರ ಸುತ್ತ ಗಾಯದ ಗುರುತಿನಂತೆ ಗಂಟು ಕಟ್ಟುತ್ತದೆ, ಉಸಿರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತದೆ, ಅದಕ್ಕೆ ಸಿಲಿಕೋಸಿಸ್ ಎನ್ನುತ್ತಾರೆ, ಗುಣಪಡಿಸುವ ಮದ್ದಿಲ್ಲ ಎಂದು ವಿವರಿಸಿದರು.

ಚೈತಾಲಿ ಕೈ ಎತ್ತಿದಳು. ಏಳು ತಿಂಗಳಲ್ಲಿ ಅವಳು ತರಗತಿಯಲ್ಲಿ ಕೇಳಿದ ಮೊದಲ ಪ್ರಶ್ನೆ ಅದು.

“ಸರ್, ಇದನ್ನು ಟಿಬಿ ಅಂತ ತಪ್ಪು ತಿಳಿಯುವ ಸಾಧ್ಯತೆ ಉಂಟಾ?”

“ಬೇಕಾದಷ್ಟು ಉಂಟು. ಕೆಮ್ಮು, ತೂಕ ಇಳಿಯುದು, ಎಕ್ಸ್‌ರೇಯಲ್ಲಿ ಕಲೆ, ಎಲ್ಲ ಒಂದೇ ಥರ. ಕೆಲವರಿಗೆ ಎರಡೂ ಒಟ್ಟಿಗೆ ಇರ್ತದೆ. ಅದಕ್ಕೇ ಕಫ ಪರೀಕ್ಷೆ ಮಾಡದೆ ಏನೂ ಹೇಳಬಾರದು.”

“ಇದು... ಅಂಟುದಿಲ್ಲ ಅಲ್ವಾ ಸರ್?”

“ಧೂಳು ಅಂಟುವುದು ಹೇಗೆ? ಇಲ್ಲ.”

ಅವಳು ಪುಸ್ತಕ ಮುಚ್ಚಿದಳು. ಉಳಿದ ಪಾಠ ಮುಗಿಯುವವರೆಗೂ ಅವಳ ಕೈಯಲ್ಲಿ ಪೆನ್ನು ಹಾಗೆಯೇ ಇತ್ತು, ಒಂದು ಅಕ್ಷರವನ್ನೂ ಬರೆಯಲಿಲ್ಲ.

ಅಂದು ಮಧ್ಯಾಹ್ನ ಅವಳು ಬಸ್ಸಿಗೆ ಹೋಗದೆ ಕಾಲೇಜಿನ ಹಿಂದಿನ ಮೆಟ್ಟಿಲ ಮೇಲೆ ಕುಳಿತಿದ್ದಳು. ನಾನು ಪಕ್ಕದಲ್ಲಿ ಕೂತೆ. ಅವಳಾಗಿಯೇ ಹೇಳತೊಡಗಿದಳು.

ಅವಳ ಅಪ್ಪ ಸರ್ವೋತ್ತಮ ಕಾರ್ಕಳದವರು. ಚಿಕ್ಕಂದಿನಲ್ಲಿ ಕಡೆಯುವ ಕಲ್ಲು, ತುಳಸಿಕಟ್ಟೆ ಕೆತ್ತುತ್ತಿದ್ದವರು. ಮಿಕ್ಸಿ ಬಂದು ಕಡೆಯುವ ಕಲ್ಲು ಕೇಳುವವರಿಲ್ಲದಾದಾಗ ಊರ ಹೊರಗಿನ ಕಲ್ಲುಕೋರೆಯೊಂದರಲ್ಲಿ ಕರಿಕಲ್ಲಿಗೆ ಯಂತ್ರದಿಂದ ತೂತು ಕೊರೆಯುವ ಕೆಲಸಕ್ಕೆ ಸೇರಿದರು. ಹತ್ತು ವರ್ಷ ಅದನ್ನು ಮಾಡಿದರು. ಚೈತಾಲಿಗೆ ಹನ್ನೊಂದು ವರ್ಷವಾದಾಗ ಕೆಮ್ಮು ಹಿಡಿಯಿತು. ಆಸ್ಪತ್ರೆಯಲ್ಲಿ ಎಕ್ಸ್‌ರೇ ನೋಡಿ ಟಿಬಿ ಎಂದರು. ಮದ್ದು ಕೊಟ್ಟರು, ಗುಣವಾಗಲಿಲ್ಲ, ಮತ್ತೊಮ್ಮೆ ಕೊಟ್ಟರು. ಅಪ್ಪ ಸೌದೆ ಇಡುವ ಹೊರಗಿನ ಕೋಣೆಗೆ ಹೋದರು. ಬಟ್ಟಲು ಬೇರೆ, ಲೋಟ ಬೇರೆ, ಚಾಪೆ ಬೇರೆ. ಮಗಳು ಅಂಗಳ ದಾಟಿ ಆ ಕಡೆ ಹೋಗಬಾರದು.

“ನಾನು ಅಂಗಳದ ಈ ಕಡೆ ನಿಲ್ಲುದು, ಅಪ್ಪ ಕಿಟಕಿಯ ಹತ್ತಿರ. ಅವರಿಗೆ ಗಟ್ಟಿ ಮಾತಾಡಿದ್ರೆ ಉಸಿರು ಸಿಕ್ಕುತ್ತಿರಲಿಲ್ಲ. ಅದಕ್ಕೆ ಕಿಟಕಿಯ ಸರಳಿಗೆ ಉಳಿಯಿಂದ ಟಕ್ ಟಕ್ ಅಂತ ಹೊಡೀತಿದ್ರು. ಮೊದಲು ಏಳು ಸಲ, ಸ್ವಲ್ಪ ಬಿಟ್ಟು ಎಂಟು ಸಲ. ನಾನು ಇಲ್ಲಿಂದ ಐವತ್ತಾರು ಅಂತ ಕೂಗುದು. ಆ ಮಗ್ಗಿಯೇ ನಮ್ಮ ಮಾತುಕತೆ. ಎರಡು ವರ್ಷ.” ಮತ್ತೆ ಹೇಳಿದಳು, “ಎರಡು ವರ್ಷ ನಾನು ಅವರನ್ನು ಮುಟ್ಟಲೇ ಇಲ್ಲ ಮೇಧಾ. ಹೋದ ದಿನವೂ ಮುಟ್ಟಲಿಕ್ಕೆ ಬಿಡ್ಲಿಲ್ಲ. ನನಗೆ ಅವರ ಕೈ ಹೇಗಿತ್ತು ಅಂತ ನೆನಪಿಲ್ಲ. ಒರಟು ಇರಬೇಕು ಅಲ್ವಾ, ಕಲ್ಲಿನ ಕೆಲಸದವರದ್ದು? ಅದು ನಾನು ಅಂದಾಜು ಮಾಡಿಕೊಂಡದ್ದು. ನೆನಪಲ್ಲ.”

ಅಪ್ಪ ತೀರಿಕೊಂಡ ಮೂರೇ ವಾರಕ್ಕೆ ತಾಯಿ ಅವಳನ್ನು ಕರೆದುಕೊಂಡು ಉಚ್ಚಿಲಕ್ಕೆ ಬಂದರು. ಆ ಕಾಯಿಲೆಯ ಹೆಸರನ್ನು ಹೊಸ ಊರಿನಲ್ಲಿ ಯಾರಿಗೂ ಹೇಳಲಿಲ್ಲ. ಆದರೆ ಮನೆಯಲ್ಲಿ ಮಗಳ ಲೋಟ, ಬಟ್ಟಲು ಬೇರೆಯಾಗಿಯೇ ಉಳಿದವು. ಎಲ್ಲಾದರೂ ಅವಳಿಗೂ ತಗಲಿದ್ದರೆ ತನ್ನ ಅಣ್ಣ ಸುಕೇಶರ ಮಕ್ಕಳಿಗೆ ಬರಬಾರದು ಎಂಬ ಹೆದರಿಕೆ ತಾಯಿಗೆ. ಯಾರ ಬಾಟಲಿಯನ್ನೂ ಮುಟ್ಟದ ಅಭ್ಯಾಸ ಎಲ್ಲಿಂದ ಬಂತು ಎಂದು ನನಗೆ ಆಗ ಅರ್ಥವಾಯಿತು. ಬ್ರೆಂಡಾ ಕೇಳಿದ ಮಾತು ನೆನಪಾಗಿ ತಲೆ ತಗ್ಗಿಸಿದೆ.

ಆ ವಾರ ಅವಳು ಮನೆಯಲ್ಲಿ ತಾಯಿಯನ್ನು ಕೇಳಿದಳು: “ಅಪ್ಪನ ಆಸ್ಪತ್ರೆಯ ಕಾಗದ ಏನಾದ್ರೂ ಉಂಟಾ?” ವಿನೋದಮ್ಮ ಯಾಕೆ ಎಂದು ಕೇಳಲಿಲ್ಲ. ಸೀರೆಗಳ ಅಡಿಯಿಂದ ಒಂದು ಕಂದು ಲಕೋಟೆ ತೆಗೆದುಕೊಟ್ಟರು. ಒಳಗೆ ಒಂದು ಎಕ್ಸ್‌ರೇ, ಮೂರು ಚೀಟಿ. ಎಕ್ಸ್‌ರೇಯ ಅಂಚಿಗೆಲ್ಲ ತೇವ ಹಿಡಿದು ಬೂಸ್ಟು ಬಂದಿತ್ತು.

“ಇಷ್ಟು ವರ್ಷ ಇದನ್ನು ಯಾಕೆ ಇಟ್ಟುಕೊಂಡಿ?” ಎಂದು ಮಗಳು ಕೇಳಿದ್ದಕ್ಕೆ ಅವರು, “ಅವರದ್ದೊಂದು ಸರಿಯಾದ ಫೋಟೋ ಇಲ್ಲ. ಇದರಲ್ಲಿ ಎದೆಯಾದರೂ ಉಂಟಲ್ಲ” ಎಂದರಂತೆ.

ಆ ಲಕೋಟೆ ಹಿಡಿದುಕೊಂಡು ಡಾಕ್ಟರ್ ಕೃಷ್ಣರಾಜರ ಕೋಣೆಗೆ ಹೋಗುವಾಗ ಅವಳು ನನ್ನನ್ನೂ ಕರೆದಳು. ಒಬ್ಬಳೇ ಹೋದರೆ ಕೇಳಿದ್ದು ತಲೆಯಲ್ಲಿ ನಿಲ್ಲುವುದಿಲ್ಲ ಎಂದಳು. ಡಾಕ್ಟರು ಎಕ್ಸ್‌ರೇಯನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿ ಸುಮಾರು ಹೊತ್ತು ನೋಡಿದರು. ಚೀಟಿಗಳನ್ನು ಒಂದೊಂದಾಗಿ ಓದಿದರು. ಮೂರೂ ಕಫ ಪರೀಕ್ಷೆಯ ಚೀಟಿಗಳು, ಮೂರರಲ್ಲೂ ರೋಗಾಣು ಕಂಡಿಲ್ಲ ಎಂದು ಬರೆದಿತ್ತು.

“ಎಷ್ಟು ವರ್ಷ ಕೊರೆಯುವ ಕೆಲಸ ಮಾಡಿದ್ರು?”

“ಹತ್ತು, ಸರ್.”

“ಮುಖಕ್ಕೆ ಏನಾದರೂ ಕಟ್ಟಿಕೊಳ್ತಿದ್ರಾ?”

“ಹೆಗಲ ಮೇಲಿನ ಬೈರಾಸು. ಅದನ್ನೂ ಸೆಕೆಗೆ ಬಿಚ್ಚುತ್ತಿದ್ರು ಅಂತ ಅಮ್ಮ ಹೇಳ್ತಾಳೆ.”

ಡಾಕ್ಟರು ಅಳೆದು ತೂಗಿ ಮಾತಾಡಿದರು. ಹದಿನಾರು ವರ್ಷದ ಹಿಂದಿನ ಒಂದು ಚಿತ್ರ ನೋಡಿ ಖಡಾಖಂಡಿತವಾಗಿ ಬರೆದುಕೊಡಲು ತನ್ನಿಂದ ಸಾಧ್ಯವಿಲ್ಲ ಎಂದರು. ಆ ಕಾಲಕ್ಕೆ ನೋಡಿದವರನ್ನು ದೂರುವುದೂ ಸುಲಭ, ಅದನ್ನೂ ಮಾಡುವುದಿಲ್ಲ ಎಂದರು. ಕೊನೆಗೆ ಹೇಳಿದರು: “ಆದರೆ ಈ ಮನುಷ್ಯ ಇವತ್ತು ಈ ಕುರ್ಚಿಯಲ್ಲಿ ಕೂತಿದ್ರೆ, ನಾನು ಮೊದಲು ಬರೆಯುವುದು ಕಲ್ಲಿನ ಧೂಳು ಅಂತಲೇ.”

ಚೈತಾಲಿ ಪರಿಹಾರದ ಬಗ್ಗೆ ಕೇಳಲಿಲ್ಲ, ತಪ್ಪು ಯಾರದು ಎಂದು ಕೇಳಲಿಲ್ಲ. “ಹಾಗಾದ್ರೆ ಸರ್, ನಾನು ಹತ್ತಿರ ಹೋಗಬಹುದಿತ್ತಾ?” ಎಂದಳು.

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು. “ಹೋಗಬಹುದಿತ್ತು” ಎಂದರು.

ಹೊರಗೆ ಬಂದು ಅವಳು ಅತ್ತಳು. ಸಿಹಿಸುದ್ದಿಯೋ ಕಹಿಯೋ ಎಂದು ತಿಳಿಯದವರು ಅಳುವ ಹಾಗೆ, ಮಧ್ಯೆ ಮಧ್ಯೆ ನಿಲ್ಲಿಸಿ ನನ್ನ ಮುಖ ನೋಡಿ ಮತ್ತೆ ಅತ್ತಳು. ನನ್ನ ನೀರಿನ ಬಾಟಲಿ ಕೊಟ್ಟೆ. ಅವಳು ಒಂದು ಗಳಿಗೆ ತಡೆದು, ಬಾಯಿಗೆ ತಾಗಿಸಿಯೇ ಕುಡಿದಳು.

ಎರಡನೆಯ ವರ್ಷ ಪ್ರತಿಯೊಬ್ಬರೂ ಒಂದು ಕ್ಷೇತ್ರ ಅಧ್ಯಯನ ಮಾಡಬೇಕು. ಚೈತಾಲಿ ಕಾರ್ಕಳದ ಕಲ್ಲು ಕೆಲಸದವರ ಉಸಿರಾಟವನ್ನು ಆರಿಸಿಕೊಂಡಳು. ಡಾಕ್ಟರ್ ಕೃಷ್ಣರಾಜ ಒಪ್ಪುವ ಮೊದಲು ಎಚ್ಚರಿಸಿದರು: “ನಿಮ್ಮ ತಂದೆಯನ್ನು ಹುಡುಕಿಕೊಂಡು ಹೋಗುವುದಾದರೆ ಬೇಡ. ಈಗ ಬದುಕಿದವರನ್ನು ಹುಡುಕುವುದಾದರೆ ಹೋಗಿ.” ಅವಳು ಹೂಂ ಎಂದಳು. ಎರಡೂ ಅವಳ ಮನಸ್ಸಿನಲ್ಲಿತ್ತು ಎಂದು ನನಗೆ ಗೊತ್ತಿತ್ತು; ಅವರಿಗೂ ಗೊತ್ತಿದ್ದಿರಬೇಕು.

ನನ್ನ ಅಧ್ಯಯನ ಕಾಪುವಿನ ಶಾಲೆಗಳಲ್ಲಿ ಮಕ್ಕಳ ಹಲ್ಲು ಮತ್ತು ಕುಡಿಯುವ ನೀರು. ವಾರದಲ್ಲಿ ಎರಡು ದಿನ ಬಿಡುವು ಮಾಡಿಕೊಂಡು ಅವಳ ಜೊತೆ ಹೋಗುತ್ತಿದ್ದೆ. ಹಿರಿಯಡ್ಕದ ದಾರಿಯಲ್ಲಿ ಬಸ್ಸು, ತೊಡೆಯ ಮೇಲೆ ಉಸಿರಿನ ಬಲ ಅಳೆಯುವ ಯಂತ್ರ. ಹದಿನಾರು ವರ್ಷದಿಂದ ಕಾರ್ಕಳಕ್ಕೆ ಕಾಲಿಡದವಳು ಬಸ್ಸಿನ ಕಿಟಕಿಯಿಂದ ಆಚೆ ನೋಡುತ್ತ, “ಇಲ್ಲೊಂದು ಸೋಡಾ ಅಂಗಡಿ ಇತ್ತು”, “ಈ ತಿರುವಿನಲ್ಲಿ ಅಪ್ಪನ ಸೈಕಲ್ಲಿನಿಂದ ಬಿದ್ದಿದ್ದೆ” ಎಂದು ತನ್ನಷ್ಟಕ್ಕೇ ಹೇಳುತ್ತಿದ್ದಳು. ಅವರಿದ್ದ ಬಾಡಿಗೆ ಮನೆ ಈಗಿಲ್ಲ. ಆ ಜಾಗದಲ್ಲಿ ಯಾರೋ ಟೈಲ್ಸ್ ಗೋದಾಮು ಕಟ್ಟಿದ್ದರು.

ಅರುವತ್ತೆರಡು ಮಂದಿಯ ಉಸಿರು ಅಳೆದೆವು. ನಲವತ್ತೇಳನೆಯವರು ಜಿತೇಂದ್ರ. ಐವತ್ತೆಂಟು ವರ್ಷ, ರಸ್ತೆಯಿಂದ ಮನೆಯವರೆಗೆ ನಡೆದು ಬರಲು ಮೂರು ಕಡೆ ನಿಲ್ಲುವವರು. ಕೋರೆಗೆ ಹೋಗುವುದು ಬಿಟ್ಟು ನಾಲ್ಕು ವರ್ಷವಾಗಿತ್ತು. ಅವರ ಮನೆಗೆ ಹೋದಾಗ ಸೊಸೆ ಆಶ್ರಿತಾ ಮಗುವನ್ನು ಎತ್ತಿಕೊಂಡು ಬಾಗಿಲಲ್ಲೇ ನಿಂತು, “ಮಾವ ಹಿಂದೆ ಇದ್ದಾರೆ” ಎಂದಳು. ಹಿಂದೆ ಎಂದರೆ ತಗಡು ಹೊದಿಸಿದ ಒಂದು ಕೊಟ್ಟಿಗೆ. ಹೊರಗೆ ಕಲ್ಲಿನ ಮೇಲೆ ಒಂದು ಬಟ್ಟಲು, ಒಂದು ಲೋಟ ಕವುಚಿಟ್ಟಿದ್ದರು.

ಚೈತಾಲಿ ಆ ಬಟ್ಟಲನ್ನು ನೋಡಿದಳು. ಯಂತ್ರ ತೆಗೆದು, ಕೊಳವೆ ಸಿಕ್ಕಿಸಿ, “ಉಸಿರು ತುಂಬಾ ಎಳೆದುಕೊಳ್ಳಿ, ಒಂದೇ ಸಲ ಜೋರಾಗಿ ಊದಿ” ಎಂದಳು. ಜಿತೇಂದ್ರ ಊದಿದರು. ಅಂಕಿ ನೋಡಿ ಅವಳು ಬರೆದುಕೊಂಡಳು. ಎಷ್ಟು ವರ್ಷ ಕೆಲಸ, ಯಾವ ಕೆಲಸ ಎಂದು ಕೇಳುತ್ತ ಹೋದಂತೆ ಅವರು ಅವಳ ಅಪ್ಪ ಕೆಲಸ ಮಾಡಿದ ಕೋರೆಯ ಹೆಸರನ್ನೇ ಹೇಳಿದರು.

“ಸರ್ವೋತ್ತಮ ಅಂತ ಒಬ್ರು ಇದ್ರಲ್ಲ, ಗೊತ್ತಾ ನಿಮಗೆ?”

“ಗೊತ್ತಾ ಅಂತ ಕೇಳ್ತೀಯಾ? ಒಂದೇ ಯಂತ್ರ ಹಿಡಿದವರು ನಾವು. ಅವನಿಗೆ ಟಿಬಿ ಆಗಿ ಹೋದ ಪಾಪ. ನಿಂಗೆ ಹೇಗೆ ಗೊತ್ತು ಅವನು?”

“ನಾನು ಅವರ ಮಗಳು.”

ಜಿತೇಂದ್ರ ತಮ್ಮ ಚಾಪೆಯನ್ನು ಹಿಂದಕ್ಕೆ ಎಳೆದುಕೊಂಡು, “ಹತ್ತಿರ ಕೂರಬೇಡ ಮಗಾ, ನನಗೂ ಟಿಬಿ ಅಂತ ಹೇಳಿದ್ದಾರೆ” ಎಂದರು. ಅವಳು ಅಲ್ಲಿಂದ ಏಳಲಿಲ್ಲ.

ಅಂದು ಅವರು ಹೇಳಿದ ಒಂದು ವಿಷಯ ಚೈತಾಲಿಗೆ ಗೊತ್ತಿರಲಿಲ್ಲ, ಅವಳ ತಾಯಿಗೂ ಗೊತ್ತಿರಲಿಲ್ಲ. ಏಳನೆಯ ತರಗತಿಯಲ್ಲಿ ಚೈತಾಲಿ ಶಾಲೆಯ ವಾರ್ಷಿಕೋತ್ಸವದಲ್ಲಿ ಪದ್ಯ ಹಾಡಿದ್ದಳು. ಅಪ್ಪ ಬರಲಿಲ್ಲ, ಬರುವ ಹಾಗಿರಲಿಲ್ಲ. ಆದರೆ ಆ ಮಧ್ಯಾಹ್ನ ಸರ್ವೋತ್ತಮ ಜಿತೇಂದ್ರರಿಗೆ ಹೇಳಿಕಳಿಸಿ ರಿಕ್ಷಾ ತರಿಸಿದ್ದರಂತೆ.

“ಶಾಲೆಯ ಮೈದಾನದ ಹೊರಗೆ ಇಳಿದೆವು. ನಾನು ಗೇಟಿನ ಹತ್ತಿರ ಹೋಗುವ, ಅಲ್ಲಿಂದ ಚಂದ ಕಾಣ್ತದೆ ಅಂದೆ. ಅವನು ಬರ್ಲಿಲ್ಲ. ಕೈಯಲ್ಲಿ ಸ್ವಲ್ಪ ಮಣ್ಣು ತೆಗೆದು ಮೇಲಿಂದ ಬಿಟ್ಟು ನೋಡಿದ, ಗಾಳಿ ಯಾವ ಕಡೆಗೆ ಹೋಗ್ತದೆ ಅಂತ. ಮಕ್ಕಳ ಕಡೆಯಿಂದ ತನ್ನ ಕಡೆಗೆ ಗಾಳಿ ಬರುವ ಬದಿಯನ್ನು ಹುಡುಕಿ, ಅಲ್ಲಿ ಹೋಗಿ ಕಂಪೌಂಡಿನ ಹೊರಗೆ ನಿಂತ. ಸ್ಟೇಜು ಅಲ್ಲಿಂದ ಕಾಣ್ತಿರಲಿಲ್ಲ ಮಾರಾಯ್ತಿ, ಹಿಂದಿನ ಪರದೆ ಮಾತ್ರ. ನೀನು ಹಾಡಿದ್ದು ಕೇಳಿದ. ಮುಗಿದ ಮೇಲೆ, ಹೋಗುವ ಅಂದ.”

ಬಸ್ಸಿನಲ್ಲಿ ಹಿಂದೆ ಬರುತ್ತ ಮಣಿಪಾಲದಲ್ಲಿ ನಾನಿಳಿದೆ, ಅವಳು ಉಡುಪಿಗೆ ಮುಂದೆ ಹೋದಳು. ಕಿಟಕಿಯಿಂದ ಕೈ ಬೀಸುವುದನ್ನೂ ಮರೆತಿದ್ದಳು.

ತಾಯಿಗೆ ಹೇಳಬೇಕೋ ಬೇಡವೋ ಎಂಬುದೇ ಅವಳ ಕಷ್ಟ. ಆ ಎರಡು ವರ್ಷ ಬಟ್ಟಲನ್ನು ಮೆಟ್ಟಿಲ ಮೇಲೆ ಇಟ್ಟು ಹಿಂದೆ ಸರಿದವರು ತಾಯಿ. ಮಗಳನ್ನು ತಡೆದವರೂ ಅವರೇ. ಅದೆಲ್ಲ ಬೇಕಿರಲಿಲ್ಲ ಎಂದು ಈಗ ಹೇಳಿದರೆ ಆ ಭಾರವನ್ನು ಅವರು ಎಲ್ಲಿಡಬೇಕು? ಬ್ರೆಂಡಾ ಹೇಳಬೇಡ ಎಂದಳು. ನಾನು ಹೇಳು ಎಂದೆ. ಚೈತಾಲಿ ಒಂದು ತಿಂಗಳು ಇಬ್ಬರ ಮಾತನ್ನೂ ಕೇಳಿಸಿಕೊಂಡು ಸುಮ್ಮನಿದ್ದಳು. ಕೊನೆಗೆ ವಿನೋದಮ್ಮನೇ ಕೇಳಿದರು. ಒಂದು ಭಾನುವಾರ ಮಧ್ಯಾಹ್ನ ಅಂಗಳದಲ್ಲಿ ಹುಣಸೆಹಣ್ಣು ಒಣಗಲು ಹಾಕುತ್ತ, “ಆ ಎಕ್ಸ್‌ರೇ ನೋಡಿ ನಿನ್ನ ಡಾಕ್ಟ್ರು ಎಂತ ಹೇಳಿದ್ರು?” ಎಂದರು.

ಮಗಳು ಹೇಳಿದಳು. ಕಲ್ಲಿನ ಧೂಳು. ಅಂಟುವ ಕಾಯಿಲೆ ಆಗಿರಲಿಲ್ಲ ಅಂತ ಕಾಣ್ತದೆ. ಅಪ್ಪನ ಜೊತೆ ಕೆಲಸ ಮಾಡಿದ ಜಿತೇಂದ್ರ ಸಿಕ್ಕಿದ್ರು, ಅವರಿಗೂ ಅದೇ ಕೆಮ್ಮು.

ವಿನೋದಮ್ಮ ಹುಣಸೆಹಣ್ಣು ಹರಡುವುದನ್ನು ನಿಲ್ಲಿಸಲಿಲ್ಲ. ಎಲ್ಲ ಹರಡಿದ ಮೇಲೆ ಎದ್ದು, “ಈಗ ಹೇಳಿ ಎಂತ ಮಾಡುದು?” ಎಂದು ಒಳಗೆ ಹೋದರು. ಮೂರು ದಿನ ಮಗಳ ಜೊತೆ ಮಾತಾಡಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಚಹಾ ತಂದುಕೊಟ್ಟು ಎದುರಿಗೆ ಕುಳಿತರು.

“ಬಟ್ಟಲು ಬೇರೆ ಮಾಡಿದ್ದು ನಾನಲ್ಲ. ಅವರೇ. ಆಸ್ಪತ್ರೆಯಿಂದ ಬಂದ ದಿನವೇ ಉಳಿ ತೆಗೆದು ಬಟ್ಟಲಿನ ಅಂಚಿಗೆ ಒಂದು ಗೀರು ಹಾಕಿದ್ರು. ಮಗುವಿನದ್ದರ ಜೊತೆ ಬೆರಕೆ ಆಗಬಾರ್ದು ಅಂತ. ನಾನು ಬೇಡ ಅನ್ಬಹುದಿತ್ತು. ಅನ್ಲಿಲ್ಲ. ನನಗೂ ಹೆದರಿಕೆ ಇತ್ತು ಮಗಾ. ನೀನೊಬ್ಬಳಾದ್ರೂ ಉಳಿಯಬೇಕು ಅಂತ ಇತ್ತು.”

“ನಿನ್ನ ಮೇಲೆ ಸಿಟ್ಟಿಲ್ಲ ಅಮ್ಮ.”

“ನನಗೆ ನನ್ನ ಮೇಲೆ ಉಂಟು. ಅದು ಇರ್ಲಿ. ಆ ಜಿತೇಂದ್ರ ಈಗ ಹೇಗಿದ್ದಾನೆ?”

ಚೈತಾಲಿ ಹೇಳಿದಳು. ತಗಡಿನ ಕೊಟ್ಟಿಗೆ, ಕವುಚಿಟ್ಟ ಬಟ್ಟಲು. ವಿನೋದಮ್ಮ ಕೇಳಿಸಿಕೊಂಡು, “ನಾನು ಬರ್ತೇನೆ” ಎಂದರು.

“ಈಗ ಬೇಡ. ಪರೀಕ್ಷೆ ಆಗಲಿ. ಅವರಿಗೆ ನಿಜವಾಗಿಯೂ ಟಿಬಿ ಇದ್ದರೆ?”

ಡಾಕ್ಟರ್ ಕೃಷ್ಣರಾಜ ಜಿತೇಂದ್ರರನ್ನು ಮಣಿಪಾಲಕ್ಕೆ ಕರೆಸಿಕೊಂಡರು. ಕಫವನ್ನು ಎರಡು ಬಗೆಯಲ್ಲಿ ಪರೀಕ್ಷಿಸಿದರು, ಎದೆಯ ಸ್ಕ್ಯಾನ್ ಮಾಡಿಸಿದರು. ಮೊದಲ ವರದಿ ಬೇಗ ಬಂತು; ಕಫದಿಂದ ರೋಗಾಣು ಬೆಳೆಯುತ್ತದೋ ಎಂದು ನೋಡುವ ಎರಡನೆಯದಕ್ಕೆ ಆರು ವಾರ ಕಾಯಬೇಕು, ಅಲ್ಲಿಯವರೆಗೆ ಯಾರೂ ಏನೂ ಹೇಳಕೂಡದು ಎಂದರು. ಆ ಆರು ವಾರ ಚೈತಾಲಿ ನೆಟ್ಟಗೆ ಊಟ ಮಾಡಿದ್ದನ್ನು ನಾನು ನೋಡಲಿಲ್ಲ. ಎರಡನೆಯದೂ ಬಂತು. ಟಿಬಿ ಇಲ್ಲ, ಸಿಲಿಕೋಸಿಸ್.

ಚೈತಾಲಿ ಆ ವರದಿ ಹಿಡಿದು ಆಶ್ರಿತಾಳಿಗೆ ಎಲ್ಲ ವಿವರಿಸಿದಳು, ಕೋರ್ಸಿನಲ್ಲಿ ಕಲಿತ ಹಾಗೆ, ಚಿತ್ರ ಬರೆದು. ಆಶ್ರಿತಾ ತಲೆ ಅಲ್ಲಾಡಿಸಿದಳು, ಆದರೆ ಮಗುವನ್ನು ಸೊಂಟದಿಂದ ಇಳಿಸಲಿಲ್ಲ. “ಕಾಗದದಲ್ಲಿ ಇರಬಹುದು ಅಕ್ಕ. ಎರಡು ವರ್ಷದ ಮಗು ಅಲ್ವಾ ಇದು” ಎಂದಳು. ಅವಳನ್ನು ತಪ್ಪೆನ್ನಲು ನಮಗೆ ಬಾಯಿ ಬರಲಿಲ್ಲ.

ಮುಂದಿನ ಮಂಗಳವಾರ ವಿನೋದಮ್ಮ ನಮ್ಮೊಡನೆ ಬಸ್ಸು ಹತ್ತಿದರು. ಇಸ್ತ್ರಿ ಹಾಕಿದ ಸೀರೆ, ಕೈಯಲ್ಲಿ ಒಂದು ಡಬ್ಬಿ. ಮನೆ ಮುಟ್ಟಿದ್ದೇ ಅವರು ಆಶ್ರಿತಾಳ ಹತ್ತಿರ ನಿಲ್ಲದೆ ನೇರ ಹಿಂದಕ್ಕೆ ಹೋದರು. ಜಿತೇಂದ್ರ ಗುರುತು ಹಿಡಿದು ಏಳಲು ನೋಡಿದರು. “ಕೂತ್ಕೊಳ್ಳಿ” ಎಂದು ಅವರು ಚಾಪೆಯ ಅಂಚಿನಲ್ಲೇ ಕುಳಿತರು. ಡಬ್ಬಿ ಬಿಚ್ಚಿ, ಬಂಗುಡೆ ಮೀನಿನ ಪುಳಿಮುಂಚಿ ಸಾರನ್ನು ಕವುಚಿಟ್ಟಿದ್ದ ಅದೇ ಬಟ್ಟಲಿಗೆ ಹಾಕಿ, ಗಂಜಿ ತರಿಸಿದರು. ಜಿತೇಂದ್ರ ಅರ್ಧ ಉಂಡು ಬಟ್ಟಲು ಕೆಳಗಿಟ್ಟಾಗ, ವಿನೋದಮ್ಮ ಅದನ್ನು ತಮ್ಮ ಕಡೆಗೆ ಎಳೆದುಕೊಂಡು ಉಳಿದದ್ದನ್ನು ಉಂಡರು. ಅವಸರ ಮಾಡದೆ, ಮೀನಿನ ಮುಳ್ಳನ್ನು ಬದಿಗೆ ತೆಗೆದಿಡುತ್ತ ಉಂಡರು.

ಆಶ್ರಿತಾ ಹಿಂದಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ವಿನೋದಮ್ಮ ಕೈ ತೊಳೆದು ಅವಳ ಕಡೆ ತಿರುಗಿದರು.

“ನಾನು ಗಂಡನನ್ನು ಎರಡು ವರ್ಷ ಹೀಗೆ ಕೂರಿಸಿದವಳು. ಅಂಟುದಿಲ್ಲ ಅಂತ ಯಾರೂ ಹೇಳ್ಲಿಲ್ಲ ನನಗೆ. ನಿನಗೆ ನನ್ನ ಮಗಳು ಬಂದು ಹೇಳಿದ್ದಾಳೆ. ಇನ್ನು ನಿನಗೆ ಬಿಟ್ಟದ್ದು.”

ಅಂದು ಏನೂ ಆಗಲಿಲ್ಲ. ಎರಡು ವಾರ ಬಿಟ್ಟು ನಾವು ಹೋದಾಗ ಚಾಪೆ ಮನೆಯೊಳಗಿನ ಚಾವಡಿಗೆ ಬಂದಿತ್ತು. ಇನ್ನೊಮ್ಮೆ ಹೋದಾಗ ಮಗು ಜಿತೇಂದ್ರರ ಹೊಟ್ಟೆಯ ಮೇಲೆ ಕಾಲು ಚಾಚಿ ಮಲಗಿತ್ತು. ಅವರು ಮಗುವಿಗೆ ಎಚ್ಚರವಾಗದ ಹಾಗೆ ಕೆಮ್ಮು ತಡೆದುಕೊಳ್ಳುತ್ತಿದ್ದರು. ಚೈತಾಲಿ ಅದನ್ನು ನೋಡಿ ಹೊರಗೆ ಬಂದಳು. ಅವಳ ಹಿಂದೆ ನಾನೂ ಬಂದೆ. “ಇವತ್ತು ಅಳತೆ ನೀನು ತಕೋ. ನನ್ನಿಂದಾಗುದಿಲ್ಲ” ಎಂದಳು.

ಜಿತೇಂದ್ರ ಆಮೇಲೆ ಒಂಬತ್ತು ತಿಂಗಳು ಬದುಕಿದರು. ಆ ಅರುವತ್ತೆರಡು ಮಂದಿಯಲ್ಲಿ ಹನ್ನೊಂದು ಮಂದಿಗೆ ಅದೇ ಕಾಯಿಲೆಯ ಗುರುತುಗಳಿದ್ದವು. ಚೈತಾಲಿಯ ಪ್ರಬಂಧಕ್ಕೆ ಒಳ್ಳೆಯ ಅಂಕ ಬಂತು. ಕೋರ್ಸು ಮುಗಿದ ಮೇಲೆ ನಾನು ಉಡುಪಿಯ ಒಂದು ಸಂಸ್ಥೆ ಸೇರಿದೆ, ಬ್ರೆಂಡಾ ದುಬೈಗೆ ಹೋದಳು. ಚೈತಾಲಿ ಕಲ್ಲು ಕೆಲಸದವರ ಉಸಿರಾಟ ತಪಾಸಣೆಯ ಒಂದು ಯೋಜನೆಯಲ್ಲಿ ಕಾರ್ಕಳದಲ್ಲೇ ಕೆಲಸ ಮಾಡುತ್ತಿದ್ದಾಳೆ. ಎಳೆಯ ಕೆಲಸಗಾರರಿಗೆ ಕಲ್ಲಿಗೆ ನೀರು ಬಿಟ್ಟು ಕೊರೆಯುವುದನ್ನು, ಸರಿಯಾದ ಮುಖಗವಸು ಹಾಕುವುದನ್ನು ಹೇಳಿಕೊಡುತ್ತಾಳೆ. ಅರ್ಧದಷ್ಟು ಮಂದಿ ಕೇಳುತ್ತಾರೆ, ಉಳಿದವರಿಗೆ ಮತ್ತೆ ಹೇಳುತ್ತಾಳೆ.

ಕಳೆದ ಡಿಸೆಂಬರಿನಲ್ಲಿ ನಾವಿಬ್ಬರು ಕಾಪುವಿನ ದೀಪಸ್ತಂಭದ ಬಂಡೆಯ ಕೆಳಗೆ ಕುಳಿತಿದ್ದಾಗ ಕೇಳಿದೆ, “ಈಗ ಮನಸ್ಸಿಗೆ ಸಮಾಧಾನ ಉಂಟಾ?”

ಅವಳು ಯೋಚಿಸಿ ಹೇಳಿದಳು. “ಸಮಾಧಾನ ಅಂತ ಹೇಳ್ಲಿಕ್ಕೆ ಬರುದಿಲ್ಲ. ಮೊದಲು ಅಪ್ಪನ ನೆನಪಾದ್ರೆ ಜೊತೆಗೆ ಹೆದರಿಕೆ ಬರ್ತಿತ್ತು. ಆ ಕಾಯಿಲೆ ನನ್ನೊಳಗೂ ಉಂಟೋ ಅಂತ. ಹೆದರಿಕೆ ಇರುವಾಗ ಮನುಷ್ಯನನ್ನು ಪೂರ್ತಿ ಬೇಕು ಅಂತ ಅನ್ನಿಸುದಿಲ್ಲ ಮೇಧಾ. ಈಗ ಹೆದರಿಕೆ ಹೋಗಿದೆ. ಅದಕ್ಕೆ ಅವರು ಬೇಕು ಅಂತ ಈಗ ಹೆಚ್ಚು ಆಗ್ತದೆ. ಮೂವತ್ತು ವರ್ಷ ಆಯ್ತು ನನಗೆ, ನಗ್ಬೇಡ.”

ನಾನು ನಗಲಿಲ್ಲ.

ಉಚ್ಚಿಲದ ಮನೆಯಲ್ಲಿ ಈಗ ಅಪ್ಪನ ಮಾತು ಬರುತ್ತದೆ. ಇಷ್ಟು ವರ್ಷ ಅಲ್ಲಿ ಆ ಹೆಸರನ್ನೇ ಎತ್ತುತ್ತಿರಲಿಲ್ಲ. ವಿನೋದಮ್ಮನ ಹತ್ತಿರ ಇರುವ ಕಥೆಗಳು ಕಡಿಮೆ. ಮದುವೆಯಾಗಿ ಹದಿನಾಲ್ಕು ವರ್ಷ, ಅದರಲ್ಲಿ ಎರಡು ವರ್ಷ ಅಂಗಳದ ಆಚೆ. ಇದ್ದದ್ದೆಲ್ಲ ಹೇಳಿ ಮುಗಿದಿದೆ. ಆದರೂ ಚೈತಾಲಿ ಕೇಳುತ್ತಾಳೆ. ಮೊನ್ನೆ ಒಂದು ಭಾನುವಾರ ನಾನಲ್ಲಿ ಊಟಕ್ಕೆ ಹೋಗಿದ್ದೆ. ಅಪ್ಪ ಹೆಣ್ಣು ನೋಡಲು ಬಂದಾಗ ತಲೆಯೆತ್ತದೆ ನೀರುದೋಸೆ ತಿಂದ ಕಥೆಯನ್ನು ವಿನೋದಮ್ಮ ನನಗೆಂದು ಹೇಳಿದರು. ಚೈತಾಲಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಕೇಳುತ್ತಿದ್ದಳು.

“ಎಷ್ಟು ದೋಸೆ?” ಎಂದಳು.

“ಒಂಬತ್ತು.”

“ಕಳೆದ ಸಲ ಎಂಟು ಅಂದಿದ್ದಿ.”

“ಒಂಬತ್ತೇ. ನಾನೇ ಅಲ್ವಾ ಬಡಿಸಿದ್ದು” ಎಂದರು ವಿನೋದಮ್ಮ. “ಏಳನೆಯದ್ದಕ್ಕೆ ಸಾಕಾ ಅಂತ ಕೇಳಿದೆ. ಆಗ ಒಮ್ಮೆ ತಲೆ ಎತ್ತಿ ನನ್ನನ್ನು ನೋಡಿದ್ರು.”

“ಹೇಗೆ ನೋಡಿದ್ರು?”

ತಾಯಿ ಹೇಳತೊಡಗಿದರು. ಮಗಳು ಒಳಗೆ ಬಂದು ಅವರ ಪಕ್ಕದಲ್ಲಿ ಕೂತಳು.